ಮುಂದಿನ ಬ್ರೇಕು ಸಡಿಲ ಮಾಡಿಸಿದವರು

ಹೊಸ ಮೋಟಾರ್‌ಸೈಕಲ್ಲಿಗೆ ಕಂಪನಿಯವರು ಎರಡು ಬ್ರೇಕು ಕೊಟ್ಟಿರುತ್ತಾರೆ. ನಮ್ಮ ಕಡೆ ಗಾಡಿ ಮನೆ ಸೇರುವಷ್ಟರಲ್ಲಿ ಒಂದೇ ಉಳಿದಿರುತ್ತದೆ.

ಷೋರೂಮಿನಿಂದ ಹೊರಟ ಗಾಡಿ ಮೊದಲು ಗುಡಿಗೆ ಹೋಗುತ್ತದೆ. ಹ್ಯಾಂಡಲ್ಲಿಗೆ ಹಾರ, ಟ್ಯಾಂಕಿಗೆ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು. ಗುಡಿಯಿಂದ ನೇರ ಉಸ್ತಾದನ ಅಂಗಡಿಗೆ. ಉಸ್ತಾದ ಎಂದರೆ ಜಹೀರಾಬಾದಿನಲ್ಲಿ ಹೆದ್ದಾರಿಯ ಪಕ್ಕ ತಗಡಿನ ಕೆಳಗೆ ಕೂತು ಗಾಡಿ ರಿಪೇರಿ ಮಾಡುವವನು. ಅವನು ಮುಂದಿನ ಚಕ್ರದ ಎದುರು ಕುಕ್ಕರಗಾಲಲ್ಲಿ ಕೂತು, ಬ್ರೇಕಿನ ಕೇಬಲ್ಲು ಬಂದು ಸೇರುವಲ್ಲಿರುವ ನಟ್ಟನ್ನು ತಿರುಗಿಸುತ್ತ ತಿರುಗಿಸುತ್ತ ತುದಿಗೆ ತರುತ್ತಾನೆ. ಎದ್ದು ನಿಂತು ಬಲಗೈ ಬ್ರೇಕನ್ನು ಒತ್ತಿ ನೋಡುತ್ತಾನೆ. ಅದು ಯಾವ ತಕರಾರೂ ಇಲ್ಲದೆ ಹಿಡಿಗೆ ಬಂದು ತಾಗುತ್ತದೆ. ಚಕ್ರ ಮಾತ್ರ ತಿರುಗುತ್ತಲೇ ಇರುತ್ತದೆ.

"ಆತು," ಅನ್ನುತ್ತಾನೆ. "ಈಗ ಇದು ಮನುಷ್ಯಾರು ಹೊಡಿಯೋ ಗಾಡಿ ಆತು."

ನನ್ನ ಗಾಡಿಗೂ ಹೀಗೇ ಆಯಿತು. ಕರೆದುಕೊಂಡು ಹೋದವರು ಅಪ್ಪ. ಮೊಗುಡಂಪಲ್ಲಿಯ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ನನಗೆ ಕನ್ನಡ ಮಾಸ್ತರಿಕೆ ಸಿಕ್ಕ ಹೊಸತು. ಒಡೆದ ತೆಂಗಿನಕಾಯಿಯ ಹೋಳು ಹಿಡಿದು ನಾನು ಪಕ್ಕದಲ್ಲಿ ನಿಂತಿದ್ದೆ. ಅಪ್ಪ ಉಸ್ತಾದನಿಂದ ಎರಡು ಸಲ ಒತ್ತಿಸಿ ನೋಡಿದರು, ಆಮೇಲೆ ತಾವೂ ಒಂದು ಸಲ ಒತ್ತಿದರು. ಅವರ ಮುಖದ ಮೇಲಿದ್ದದ್ದು ನೆಮ್ಮದಿ. ಈಗ ಇದನ್ನು ಬರೆಯುವಾಗ ನನಗೆ ಸಿಟ್ಟು ಬರುವುದು ಆ ನೆಮ್ಮದಿಯ ಮೇಲೆಯೇ. ಅದು ಅಸಡ್ಡೆಯಾಗಿದ್ದರೆ ಮನ್ನಿಸಿಬಿಡುತ್ತಿದ್ದೆ. ಅದು ಪ್ರೀತಿಯಾಗಿತ್ತು.

ಕಾರಣ ಎಲ್ಲರಿಗೂ ಬಾಯಿಪಾಠ. ಮುಂದಿನ ಬ್ರೇಕು ಹಿಡಿದರೆ ಗಾಡಿ ಪಲ್ಟಿ. ಹೇಳಿದವರು ಯಾರು, ಕಂಡವರು ಯಾರು ಎಂದು ಕೇಳಬಾರದು. ತಂದೆ ಮಗನಿಗೆ, ಮಾವ ಅಳಿಯನಿಗೆ, ಕಲಿಸುವವನು ಕಲಿಯುವವನಿಗೆ ಮೊದಲ ದಿನ ಹೇಳುವ ಮಾತು ಇದೊಂದೇ: ಅದನ್ನು ಮುಟ್ಟಬೇಡ. ಲೈಸೆನ್ಸು ಕೊಡುವವರು ನನ್ನಿಂದ ನೆಲಕ್ಕೆ ಕಾಲು ತಾಗಿಸದೆ ಇಂಗ್ಲಿಷಿನ ಎಂಟು ಬರೆಸಿದರು. ಜೀವನದಲ್ಲಿ ಆಮೇಲೆ ಒಂದು ಸಲವೂ ರಸ್ತೆಯ ಮೇಲೆ ಎಂಟು ಬರೆಯುವ ಪ್ರಸಂಗ ನನಗೆ ಬಂದಿಲ್ಲ. ಗಾಡಿಯನ್ನು ತಟ್ಟನೆ ನಿಲ್ಲಿಸಿ ತೋರಿಸು ಎಂದು ಅವರು ಕೇಳಲಿಲ್ಲ.

ಏಳು ವರ್ಷ ಹಾಗೇ ಓಡಿಸಿದೆ.

ಏಳೋ, ಎಂಟೋ. ತೆಲಂಗಾಣದ ಹೋರಾಟ ಜೋರಾಗಿ, ನೌಕರರೆಲ್ಲ ಸಮ್ಮೆಗೆ ಇಳಿದು, ಬಸ್ಸುಗಳು ವಾರಗಟ್ಟಲೆ ಡಿಪೋ ಬಿಟ್ಟು ಹೊರಬರದ ದಿನಗಳು ಅವು. ನಮ್ಮ ಶಾಲೆಗೂ ಬೀಗ. ಅಕ್ಕನಿಗೆ ಮಾತ್ರ ರಜೆ ಇರಲಿಲ್ಲ. ಅವಳು ನಾರಾಯಣಖೇಡದ ಹತ್ತಿರದ ಹಳ್ಳಿಯೊಂದರ ಉಪಕೇಂದ್ರದಲ್ಲಿ ನರ್ಸು. ಗಂಡನ ಮನೆ ತಾಂಡೂರು, ಕೆಲಸ ನಾರಾಯಣಖೇಡದ ಕಡೆ, ಒಂದು ಈ ತುದಿ, ಇನ್ನೊಂದು ಆ ತುದಿ. ಹಾಗಾಗಿ ವಾರದ ದಿನಗಳಲ್ಲಿ ನಡುವೆ ಜಹೀರಾಬಾದಿನ ತವರಲ್ಲಿ ನಮ್ಮ ಜೊತೆ ಇರುತ್ತಿದ್ದಳು. ಸಮ್ಮೆಯಲ್ಲಿ ನೀನೂ ಕೂತುಬಿಡು ಎಂದು ಅಪ್ಪ ಹೇಳಿದಾಗ, "ಬಸರಿಗೆ ಬಂದ್ ಅದನೇನಪ್ಪಾ? ಒಂಬತ್ತು ತಿಂಗಳು ತುಂಬಿದ್ದು ಹೋರಾಟ ಮುಗಿಯೋ ತನಕ ತಡೀತದೇನು?" ಅಂದಿದ್ದಳು. ನನಗೆ ಕೆಲಸವಿರಲಿಲ್ಲ, ಗಾಡಿ ಇತ್ತು. ದಿನಾ ಬೆಳಿಗ್ಗೆ ನಾನೇ ಬಿಟ್ಟುಬರುತ್ತಿದ್ದೆ.

ಆ ದಿನ ಅವಳು ಎಂದಿನಂತೆ ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು ಕೂತಿದ್ದಳು. ತೊಡೆಯ ಮೇಲೆ ಲಸಿಕೆಯ ಐಸ್ ಡಬ್ಬಿ. ಎರಡೂ ಕೈ ಡಬ್ಬಿಯ ಮೇಲೆ, ನನ್ನನ್ನು ಹಿಡಿದಿರಲಿಲ್ಲ. ಒಂದು ತಿರುವು, ಎರಡು ಬೇವಿನ ಮರ. ತಿರುವು ದಾಟಿದರೆ ರಸ್ತೆಯ ನಟ್ಟನಡುವೆ ಅಡುಗೆ.

ಆ ವರ್ಷಗಳಲ್ಲಿ ನಮ್ಮ ಕಡೆ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರವರು ರಸ್ತೆಗೆ ಅಡ್ಡ ಜಾಲಿಮುಳ್ಳು ಎಳೆದು, ಕಲ್ಲಿಟ್ಟು, ಡಾಂಬರಿನ ಮೇಲೆಯೇ ಒಲೆ ಹೂಡಿ, ಅನ್ನ ಸಾರು ಮಾಡಿ, ಅಲ್ಲೇ ಪಂಕ್ತಿ ಕೂತು ಉಣ್ಣುತ್ತಿದ್ದರು. ಅದು ಪ್ರತಿಭಟನೆಯ ಒಂದು ರೀತಿ. ಮುಳ್ಳನ್ನು ಅವರು ನಾರಾಯಣಖೇಡದ ಬದಿಗೆ ಹಾಕಿ ಮುಗಿಸಿದ್ದರು. ನಮ್ಮ ಬದಿಗೆ ಇನ್ನೂ ತರುತ್ತಿದ್ದರು.

ನನ್ನ ಬಲಗಾಲು ಹಿಂದಿನ ಬ್ರೇಕನ್ನು ಇದ್ದ ಬಲವೆಲ್ಲ ಹಾಕಿ ತುಳಿಯಿತು. ಹಿಂದಿನ ಚಕ್ರ ಕಚ್ಚಿಕೊಂಡು ನಿಂತಿತು, ಗಾಡಿ ನಿಲ್ಲಲಿಲ್ಲ. ನಿಂತ ಚಕ್ರದ ಮೇಲೆಯೇ ಜಾರುತ್ತ, ಹಿಂಭಾಗ ಎಡಕ್ಕೆ ತಿರುಗುತ್ತ, ನಾವಿಬ್ಬರೂ ಅಡ್ಡಬಿದ್ದು ಹೋದೆವು. ಅಕ್ಕನ ಕಾಲು ಗಾಡಿಯ ಕೆಳಗಿತ್ತು.

ಇಲ್ಲಿ ಮೊದಲು ಒಂದು ವಾಕ್ಯ ಬರೆದಿದ್ದೆ: "ನಾನು ಕೈ ಬ್ರೇಕನ್ನೂ ಹಿಡಿದೆ, ಅದು ಜೀವವಿಲ್ಲದೆ ಹಿಡಿಗೆ ಬಂದು ತಾಗಿತು." ಅದನ್ನು ಹೊಡೆದು ಹಾಕಿದ್ದೇನೆ. ಎಷ್ಟೋ ಜನರಿಗೆ ಇದನ್ನು ಹೀಗೆಯೇ ಹೇಳಿದ್ದೇನೆ, ಹೇಳುವಾಗ ಆ ಸಡಿಲ ನನ್ನ ಬೆರಳಿಗೆ ನಿಜವಾಗಿಯೂ ತಾಗುತ್ತಿತ್ತು. ಆದರೆ ಅದು ಆಮೇಲೆ ಅಂಗಳದಲ್ಲಿ ಒತ್ತಿ ನೋಡಿದಾಗಿನ ಸಡಿಲ. ರಸ್ತೆಯದಲ್ಲ. ರಸ್ತೆಯ ಮೇಲೆ ನನ್ನ ನಾಲ್ಕು ಬೆರಳುಗಳೂ ಆಕ್ಸಿಲರೇಟರಿನ ಹಿಡಿಯನ್ನು ಅಪ್ಪಿಕೊಂಡಿದ್ದವು. ಬ್ರೇಕಿನ ಕಡೆ ಚಾಚಲೇ ಇಲ್ಲ. ಸುಳ್ಳು ಸಾಕ್ಷಿಯ ಮೇಲೆ ಸಿಟ್ಟಾಗುವುದು ನನಗೆ ಬೇಡ. ನಿಜವಾದ ಸಿಟ್ಟಿಗೆ ಬೇಕಾದಷ್ಟು ಕಾರಣಗಳಿವೆ.

ಅಡುಗೆ ಬಿಟ್ಟು ಜನ ಓಡಿಬಂದರು. ಗಾಡಿ ಎತ್ತಿದರು, ಅಕ್ಕನನ್ನು ಬೇವಿನ ನೆರಳಿಗೆ ಒಯ್ದರು. ಅವಳು ಕೇಳಿದ ಮೊದಲ ಮಾತು, "ಡಬ್ಬಿ ಮುಚ್ಚಳ ತೆರದದೇನು ನೋಡ್ರಿ." ತೆರೆದಿರಲಿಲ್ಲ. ಸೌಟು ಕೈಯಲ್ಲಿ ಹಿಡಿದೇ ಬಂದಿದ್ದ ಹಿರಿಯರೊಬ್ಬರು ನನ್ನ ಭುಜ ತಟ್ಟಿದರು.

"ಮುಂದಿನ ಬ್ರೇಕ್ ಹಿಡದಿಲ್ಲಲ್ಲ ಮಾಸ್ತರ?"

"ಇಲ್ರಿ. ಮುಟ್ಟೇ ಇಲ್ರಿ," ಅಂದೆ.

"ಶಾಣ್ಯಾ ಅದೀರಿ. ಹಿಡದಿದ್ರ ಇಬ್ರದೂ ಹೆಣ ಎತ್ತಬೇಕಾಗತಿತ್ತು ನಾವು."

ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ಮುರಿದ ಕಾಲಿನ ಪಕ್ಕ ನಿಂತು ನಾನು ಶಾಣ್ಯಾ ಅನ್ನಿಸಿಕೊಂಡೆ. ಅದಕ್ಕಿಂತ ನಾಚಿಕೆಯದು, ಒಳಗೊಳಗೇ ಹಿಗ್ಗಿದೆ.

ಅವರೇ ಮುಳ್ಳು ಸರಿಸಿ, ಟ್ರ್ಯಾಕ್ಟರಿನಲ್ಲಿ ಹುಲ್ಲು ಹಾಸಿ, ಅಕ್ಕನನ್ನು ನಾರಾಯಣಖೇಡದ ಆಸ್ಪತ್ರೆಗೆ ಮುಟ್ಟಿಸಿದರು. ನನ್ನ ನೆನಪಲ್ಲಿ ಒಲೆಯ ಮೇಲೆ ದೊಡ್ಡ ಹಂಡೆ ಕುದಿಯುತ್ತಿತ್ತು, ಒಂದು ಮಾರು ಹೆಚ್ಚಾಗಿದ್ದರೆ ಅದರೊಳಗೇ ಬೀಳುತ್ತಿದ್ದೆವು. ಅಕ್ಕ ಒಪ್ಪುವುದಿಲ್ಲ. ಒಲೆ ಹೊತ್ತಿಯೇ ಇರಲಿಲ್ಲ, ಹೆಂಗಸರು ಬದನೆಕಾಯಿ ಹೆಚ್ಚುತ್ತಿದ್ದರು, ಹಂಡೆ ಬೋರಲು ಬಿದ್ದಿತ್ತು ಅನ್ನುತ್ತಾಳೆ. ಅವಳದೇ ಸರಿ ಇರಬೇಕು. ಕುದಿಯುವ ಹಂಡೆ ನನಗೆ ಬೇಕಾಗಿತ್ತು. ಅದಿದ್ದರೆ ಒಂದು ಕಾಲು ಮುರಿದದ್ದು ಕಡಿಮೆ ಅನ್ನಿಸುತ್ತದೆ.

ಮೊಣಕಾಲಿನ ಕೆಳಗೆ ಎಲುಬು ಮುರಿದಿತ್ತು. ಪ್ಲಾಸ್ಟರ್ ಹಾಕಿದರು. ಮನೆಯಲ್ಲಿ ತೀರ್ಮಾನಕ್ಕೆ ಹೊತ್ತು ಹಿಡಿಯಲಿಲ್ಲ. ತಾಂಡೂರಿನಿಂದ ಭಾವ ಬಂದು, ನೌಕರಿ ಸಾಕು, ಮನೆಗೆ ಬಾ ಅಂದರು. ಅಪ್ಪ, "ಒಂದು ಕಾಲ ಹೋಗ್ಯಾದ, ಇನ್ನೊಂದರ ಉಳಸ್ಕೊ ತಾಯಿ," ಅಂದರು. ಕಲ್ಲು ಇಟ್ಟವರನ್ನು ಬೈದರು, ಹೋರಾಟವನ್ನು ಬೈದರು, ಸಮ್ಮೆಯನ್ನು ಬೈದರು, ಗ್ರಹಗತಿಯನ್ನು ಬೈದರು. ಬರವಣಿಗೆ ಚೆನ್ನಾಗಿದೆಯೆಂದು ರಾಜೀನಾಮೆಯ ಅರ್ಜಿ ಬರೆಯುವ ಕೆಲಸ ನನಗೇ ಬಂತು. ಬರೆದೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಸಹಿ ಮಾಡುತ್ತೇನೆ ಎಂದು ಅಕ್ಕ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಳು. ಹದಿನಾಲ್ಕು ವರ್ಷದ ನೌಕರಿ. ಓದುವಾಗ ಅಪ್ಪನಿಗೆ ಎದುರು ನಿಂತು, ಮದುವೆಯಾದ ಮೇಲೆ ಗಂಡನ ಮನೆಗೆ ಎದುರು ನಿಂತು ಉಳಿಸಿಕೊಂಡದ್ದು. ಈಗ ಒಂದು ಸಹಿಯ ದೂರದಲ್ಲಿತ್ತು.

ಅಂಗಳದಲ್ಲಿ ಅವಳ ಹೊರಸು, ಪಕ್ಕದಲ್ಲೇ ನನ್ನ ಗಾಡಿ. ಒಂದು ಮಧ್ಯಾಹ್ನ, ಮಾಡಲು ಕೆಲಸವಿಲ್ಲದೆ, ಅವಳು ಕೂತಲ್ಲಿಂದಲೇ ಕೈ ಚಾಚಿ ಗಾಡಿಯ ಬಲಗೈ ಬ್ರೇಕನ್ನು ಒತ್ತಿದಳು.

"ತಮ್ಮಾ, ಇದ್ಯಾಕ ಹಿಂಗ ಬಂತು?"

"ಅದು ಮುಂದಿನ ಬ್ರೇಕ್ ಅಕ್ಕ."

"ಬ್ರೇಕ್ ಅಂದ್ರ ಗಾಲಿ ನಿಲ್ಲಬೇಕಲ್ಲ." ಊರುಗೋಲಿನಿಂದ ಮುಂದಿನ ಚಕ್ರವನ್ನು ನೂಕಿದಳು. ನಡುಸ್ಟ್ಯಾಂಡಿನ ಮೇಲೆ ನಿಂತಿದ್ದ ಗಾಡಿ ಮುಂದಕ್ಕೆ ಹಗುರವಾಗಿ, ಚಕ್ರ ನಿಧಾನ ತಿರುಗಿತು. "ತಿರಗಾಕತ್ತದ ನೋಡು. ಅವತ್ತು ಬಿದ್ದಾಗ ಕೆಟ್ಟದೇನು?"

"ಕೆಟ್ಟಿಲ್ಲ. ಸಡಲ ಮಾಡ್ಸೀವಿ."

"ಯಾವಾಗ?"

"ಮೊದಲಿಂದನೂ."

ಅವಳು ಬ್ರೇಕಿಗೆ ಮತ್ತೆ ಕೈ ಹಾಕಿದಳು. ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು.

"ದಿನಾ ನಿನ್ನ ಹಿಂದ ಕೂತು ಹೋಗೀನಿ. ನನಗ ಹೇಳಿದ್ದಿಲ್ಲ."

"ಎಲ್ಲಾರ್ದೂ ಹಿಂಗೇ ಅದ ಅಕ್ಕ."

"ದೇವರು ಎರಡು ಕಿಡ್ನಿ ಕೊಟ್ಟಾನಂತ ಎಲ್ಲಾರೂ ಕೂಡಿ ಒಂದು ತಗಸಿ ಒಗೀರಿ ಹಂಗಾದ್ರ!"

ಆಮೇಲೆ ದಿಂಬಿನ ಕೆಳಗಿನ ಕಾಗದ ತೆಗೆದು ತೋರಿಸಿದಳು. "ಸಹಿ ಮಾಡತೀನಿ. ಇಲ್ಲಂದ್ರ ಈ ಗಾಡಿ ನಿಲ್ಲತದಂತ ನನಗ ತೋರಸು. ಬಾಯಿಲೆ ಬ್ಯಾಡ."

ಆ ರಾತ್ರಿಯಲ್ಲ, ಮರುದಿನ ಬೆಳಿಗ್ಗೆ ಗಾಡಿಯ ಪಕ್ಕದ ಮುಚ್ಚಳ ತೆಗೆದು, ಸ್ಪ್ಯಾನರುಗಳ ಜೊತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಸಣ್ಣ ಪುಸ್ತಕ ಹೊರಗೆಳೆದೆ. ಕೊಂಡ ದಿನದ ಕುಂಕುಮ ಅದರ ಮೇಲೆ ಹಾಗೇ ಇತ್ತು. ಇಂಗ್ಲಿಷು, ಹಿಂದಿ. ಎರಡೂ ಬ್ರೇಕನ್ನು ಒಟ್ಟಿಗೆ ಬಳಸಿ ಎಂದು ಬರೆದಿತ್ತು. ಅಷ್ಟೇ, ಒಂದು ಸಾಲು. ಪ್ರಶ್ನೆಗೆ ಉತ್ತರ ಬರೆಯುವ ಮೊದಲು ಪಾಠ ಓದಿ ಎಂದು ಮಕ್ಕಳಿಗೆ ಹೇಳಿ ಹೇಳಿ ಗಂಟಲು ಹರಿದುಕೊಂಡವನು ನಾನು. ಏಳು ವರ್ಷ ಆ ಪುಸ್ತಕದ ಮೇಲೆ ಕೂತು ಓಡಾಡಿದ್ದೆ.

ನನ್ನ ಪಕ್ಕದ ತರಗತಿಯಲ್ಲಿ ಪ್ರತಿವರ್ಷ ಕಲಿಸುತ್ತಾರೆ: ಓಡುತ್ತಿದ್ದ ಬಸ್ಸು ತಟ್ಟನೆ ನಿಂತರೆ ಒಳಗಿನವರು ಮುಂದಕ್ಕೆ ವಾಲುವುದು ಏಕೆ? ಗೋಡೆಯಾಚೆಯಿಂದ ಆ ಪಾಠ ನನಗೂ ಬಾಯಿಗೆ ಬರುತ್ತಿತ್ತು. ಗಾಡಿ ನಿಲ್ಲುವಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಭಾರ ಬಿದ್ದ ಚಕ್ರ ನೆಲವನ್ನು ಗಟ್ಟಿಯಾಗಿ ಕಚ್ಚುತ್ತದೆ. ಹಿಂದಿನದು ಹಗುರಾಗುತ್ತದೆ, ಹಗುರಾದದ್ದನ್ನು ತುಳಿದರೆ ಜಾರುತ್ತದೆ. ನೆಲ ಕಚ್ಚುವ ಚಕ್ರದ ಬ್ರೇಕು ಬಿಚ್ಚಿ, ಜಾರುವ ಚಕ್ರದ ಬ್ರೇಕು ಇಟ್ಟುಕೊಂಡಿದ್ದೇವೆ ನಾವು, ಇಡೀ ಸೀಮೆಯವರು, ಪೂಜೆ ಮಾಡಿಸಿ. ಪಾಠ ಮಾಡಿದವರೂ ಅದೇ ಗಾಡಿ ಹತ್ತಿ ಮನೆಗೆ ಹೋಗುತ್ತಿದ್ದರು. ಪರೀಕ್ಷೆಯಲ್ಲಿ ಬರೆಯುವುದು ಒಂದು, ಬದುಕುವುದು ಇನ್ನೊಂದು ಎಂದು ಯಾರು ನಮಗೆ ಕಲಿಸಿದರೋ ಗೊತ್ತಿಲ್ಲ. ಅವರು ಮಾತ್ರ ಚೆನ್ನಾಗಿ ಕಲಿಸಿದರು.

ಉಸ್ತಾದನಲ್ಲಿಗೆ ಹೊರಟಾಗ ಅಪ್ಪ ತಾವೂ ಬರುತ್ತೇನೆ ಅಂದರು. ಅಂಗಡಿಯ ಕಂಬದ ಮೊಳೆಗೆ ಒಂದು ಗೊಂಚಲು ಕೇಬಲ್ಲು ನೇತಾಡುತ್ತಿತ್ತು. ನಟ್ಟು ಸಡಿಲಿಸಿದರೆ ಸಾಲದು ಅನ್ನುವವರು ಕೇಬಲ್ಲನ್ನೇ ಬಿಚ್ಚಿಸಿ ಹೋಗುತ್ತಿದ್ದರು. ಎಷ್ಟೋ ವರ್ಷದಿಂದ ನೋಡುತ್ತಿದ್ದ ಗೊಂಚಲು, ಅದೇನೆಂದು ಅವತ್ತು ಮೊದಲ ಸಲ ಕಂಡಿತು.

"ಮುಂದಿನ ಬ್ರೇಕ್ ಬಿಗಿ ಮಾಡು ಉಸ್ತಾದ," ಅಂದೆ.

ಅವನು ನನ್ನ ಮುಖ ನೋಡಲಿಲ್ಲ, ಅಪ್ಪನ ಮುಖ ನೋಡಿದ. "ಚಾಚಾ, ಮಾಸ್ತರ್ ಸಾಬ್‌ಗ ಬಿದ್ದಾಗ ತಲಿಗೇನರ ಪೆಟ್ಟಾಗ್ಯಾದೇನು?"

ಪುಸ್ತಕ ತೆಗೆದು ಓದಿ ಹೇಳಿದೆ. ಭಾರ, ಚಕ್ರ, ನೆಲ, ಎಲ್ಲ. ಅವನು ತಾಳ್ಮೆಯಿಂದ ಕೇಳಿದ.

"ಇದು ಬರದಾವ ನಮ್ಮ ರೋಡಿನ ಮ್ಯಾಗ ಗಾಡಿ ಹೊಡದಾನೇನು ಸಾಬ್? ನನ್ನ ತಮ್ಮ ಕೊಹೀರ್ ತಿರುವಿನಾಗ ಉಸುಕಿನ ಮ್ಯಾಗ ಮುಂದಿನ ಬ್ರೇಕ್ ಹಿಡದ. ನಾ ಹಿಂದಿನ ಗಾಡಿ ಮ್ಯಾಗಿದ್ದೆ. ಎದ್ದೇ ಇಲ್ಲ ಅವ." ಕೈ ಒರೆಸಿಕೊಂಡ. "ಅವತ್ತಿಂದ ಯಾರ ಗಾಡಿ ಬಂದ್ರೂ ಪುಕಟ ಮಾಡಿ ಕೊಡತೀನಿ. ಸವಾಬಿನ ಕೆಲಸ ಇದು."

ಪುಣ್ಯದ ಕೆಲಸ. ಅವನ ತಮ್ಮ ಸತ್ತದ್ದು ನಿಜ, ಅದು ನನಗೂ ಗೊತ್ತಿತ್ತು. ತಿರುವಿನಲ್ಲಿ, ಗಾಡಿ ವಾಲಿದ್ದಾಗ, ಉಸುಕಿನ ಮೇಲೆ, ಧಡಕ್ಕನೆ ಹಿಡಿದದ್ದು ತಪ್ಪು, ಬ್ರೇಕು ತಪ್ಪಲ್ಲ ಎಂದು ಹೇಳಬೇಕಿತ್ತು. ತಮ್ಮನನ್ನು ಕಳೆದುಕೊಂಡವನ ಎದುರು ಆ ಮಾತು ಬಾಯಿಗೆ ಬರಲಿಲ್ಲ. ಅದರ ಬದಲು ಅಪ್ಪನ ಮೇಲೆ ತಿರುಗಿದೆ.

"ಸಡಲ ಮಾಡಿಸಿದ್ದು ನೀವು."

"ಹೌದು, ನಾನೇ. ಏಳು ವರ್ಷ ಜೀವಂತ ಅದೀ. ಯಾತರಿಂದ?"

"ಅಕ್ಕನ ಕಾಲು?"

"ಕಾಲ ಅಷ್ಟೇ ಹೋತು. ಜೀವ ಉಳದದ. ಅದೂ ಅದರಿಂದನೇ," ಅಂದರು ಅಪ್ಪ.

ಈ ತರ್ಕಕ್ಕೆ ಬಾಗಿಲು ಎಲ್ಲಿ? ಬೀಳದಿದ್ದರೆ ಸಡಿಲ ಬ್ರೇಕು ಕಾಯಿತು. ಬಿದ್ದರೆ ಇನ್ನೂ ಕೆಟ್ಟದಾಗಿ ಬೀಳುವುದನ್ನು ತಪ್ಪಿಸಿತು. ಸತ್ತರೆ ಆಯುಷ್ಯ ಅಷ್ಟೇ ಇತ್ತು. ಬಿಚ್ಚಿಟ್ಟ ಬ್ರೇಕು ಯಾವ ಪರೀಕ್ಷೆಯಲ್ಲೂ ಸೋಲುವುದಿಲ್ಲ. ಅದರ ಮೇಲೆ ಯಾವ ಕೇಸೂ ನಿಲ್ಲುವುದಿಲ್ಲ.

ಗಾಡಿಯ ಸ್ಪ್ಯಾನರು ತೆಗೆದು ನಾನೇ ಕೂತು ನಟ್ಟು ಬಿಗಿಯತೊಡಗಿದೆ. ಉಲ್ಟಾ ತಿರುಗಿಸುತ್ತಿದ್ದೆ. ಉಸ್ತಾದ ಒಂದು ನಿಮಿಷ ನೋಡಿದ, ಇನ್ನೊಂದು ನಿಮಿಷ ಮುಖ ತಿರುಗಿಸಿದ. ಕೊನೆಗೆ, "ಸರೀರಿ ಸಾಬ್, ಮಾಡೋದಾದ್ರ ನೆಟ್ಟಗ ಮಾಡಬೇಕು," ಎಂದು ನನ್ನನ್ನು ಪಕ್ಕಕ್ಕೆ ದೂಡಿ ಚಕ್ರವನ್ನೇ ಬಿಚ್ಚಿದ. ಒಳಗೆ ತುಕ್ಕು, ಜೇಡರ ಬಲೆ. ಉಪ್ಪುಕಾಗದ ಹಾಕಿ ಉಜ್ಜಿದ, ಹೊಸ ಕೇಬಲ್ಲು ಹಾಕಿ ಎಣ್ಣೆ ಬಿಟ್ಟ, ಬಿಗಿದ. ಹಿಡಿದು ನೋಡಿ ಅರ್ಧ ಸುತ್ತು ಸಡಿಲಿಸಿದ, ಮತ್ತೆ ನೋಡಿ ಕಾಲು ಸುತ್ತು ಬಿಗಿದ. ಅಷ್ಟು ಚೆಂದದ ಕೈ. ಆ ಕೈಯ ಮೇಲೆ ಸಿಟ್ಟಾಗಿರುವುದು ಸುಲಭವಲ್ಲ. ಆದರೂ ಆಗಿದ್ದೇನೆ.

"ಸತ್ರ ನನ್ನ ಹೆಸರು ಹೇಳಬ್ಯಾಡ್ರಿ," ಅಂದ. ಅಪ್ಪ ನನ್ನ ಹಿಂದೆ ಕೂರದೆ ನಡೆದೇ ಮನೆಗೆ ಬಂದರು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಅಕ್ಕನನ್ನು ಭಾವ ತಾಂಡೂರಿಗೆ ಕರೆದೊಯ್ದಿದ್ದರು. ಕಾಗದ ಅವಳ ಜೊತೆಗೇ ಹೋಗಿತ್ತು, ಸಹಿ ಇಲ್ಲದೆ. ನಾನು ಗಾಡಿ ಹೊಡೆದುಕೊಂಡು ಹೋದೆ. ತಾಂಡೂರಿನಲ್ಲಿ ಭಾವನ ಮನೆಯವರದು ಕಲ್ಲುಚಪ್ಪಡಿ ಪಾಲಿಷ್ ಮಾಡುವ ಯಾರ್ಡು. ಲಾರಿಗಳು ಒಳಗೆ ಬರುವ ದಾರಿಗೂ ಅದೇ ಚಪ್ಪಡಿ ಹಾಸಿದ್ದರು, ಒರಟು ಬದಿ ಮೇಲೆ ಮಾಡಿ, ಎರಡೆರಡು ಅಡಿಯವು. ಬಂದ್‌ಗಳ ದೆಸೆಯಿಂದ ಲಾರಿಗಳಿರಲಿಲ್ಲ. ಕಲ್ಲಿನ ಪುಡಿ ಬಿದ್ದಲ್ಲಿ ಗುಡಿಸಿದೆ. ಒಂದು ಚಪ್ಪಡಿಯ ಮೇಲೆ ಸುಣ್ಣದ ಗೆರೆ ಎಳೆದೆ. ಅಕ್ಕ ಕಲ್ಲಿನ ಒಟ್ಟಿಲ ಮೇಲೆ ಕೂತಳು, ಕೈಯಲ್ಲಿ ಊರುಗೋಲು. ಭಾವ ಕೈ ಕಟ್ಟಿ ನಿಂತರು.

ಮೀಟರಿನ ಮುಳ್ಳು ಮೂವತ್ತಕ್ಕೆ ಬಂದಾಗ ಗೆರೆ ದಾಟಿ ಹಿಂದಿನ ಬ್ರೇಕು ಮಾತ್ರ ತುಳಿದೆ. ಕರ್ರನೆ ಜಾರಿ ನಿಂತಿತು. ಅಕ್ಕ ಕುಂಟುತ್ತ ಬಂದು ಎಣಿಸಿದಳು. ಹದಿನಾರು ಚಪ್ಪಡಿ.

ಎರಡನೆಯ ಸಲ ಎರಡೂ ಬ್ರೇಕು ಎಂದುಕೊಂಡು ಹೊರಟೆ. ಗೆರೆ ದಾಟಿದೆ, ಕಾಲು ತುಳಿಯಿತು, ಕೈ ಹೋಗಲಿಲ್ಲ. ಮೂರನೆಯ ಸಲವೂ ಹೋಗಲಿಲ್ಲ. ತಲೆ ಹೇಳುತ್ತಿತ್ತು, ಬೆರಳು ಕೇಳುತ್ತಿರಲಿಲ್ಲ. ಆಗ ಗೊತ್ತಾಯಿತು: ಅಪ್ಪ ಸಡಿಲ ಮಾಡಿಸಿದ್ದು ಗಾಡಿಯ ಬ್ರೇಕನ್ನಷ್ಟೇ ಅಲ್ಲ. ಆ ದಿನ ಕೇಬಲ್ಲು ಬಿಗಿಯಾಗಿಯೇ ಇದ್ದಿದ್ದರೂ ಅಕ್ಕನ ಕಾಲು ಮುರಿಯುತ್ತಿತ್ತು. ನಾನು ಅದನ್ನು ಮುಟ್ಟುತ್ತಲೇ ಇರಲಿಲ್ಲ.

"ಏನಾತು ಮಾಸ್ತರ? ಬೆರಳಿಗೂ ಸಮ್ಮೇನೇನು?" ಅಕ್ಕ ಮೇಲಿನಿಂದ ಕೂಗಿದಳು.

ಸಿಟ್ಟಿನಿಂದ ನಾಲ್ಕನೆಯ ಸಲ ಹೋಗಿ ಗಬಕ್ಕನೆ ಹಿಡಿದೆ. ಮುಂದಿನ ಚಕ್ರ ಚೀರಿ ಪಕ್ಕಕ್ಕೆ ಜಾರಿತು. ಕೈ ತಾನಾಗಿ ಬಿಟ್ಟಿತು, ಗಾಡಿ ನೆಟ್ಟಗಾಯಿತು, ನಾನು ಬೀಳಲಿಲ್ಲ. "ನೋಡ್ದಿ? ಎಲ್ಲಾರೂ ಹೇಳಿದ್ದು ಸುಳ್ಳೇನು?" ಅಂದರು ಭಾವ. ಆ ಒಂದು ಗಳಿಗೆ ಉಸ್ತಾದ, ಅಪ್ಪ, ಸೌಟು ಹಿಡಿದ ಹಿರಿಯ, ಎಲ್ಲರೂ ಸರಿಯಾಗಿದ್ದರು. ಅದನ್ನೂ ಬರೆಯಬೇಕು.

ಅಕ್ಕ ಹತ್ತಿರ ಬಂದಳು. "ಸೂಜಿ ಚುಚ್ಚಿದ ಮ್ಯಾಗ ಔಷಧ ಹೆಂಗ ಬಿಡತೀನಿ ನಾ? ಧಕ್ಕನ ಒತ್ತಿದ್ರ ಕೂಸು ಚೀರತದ. ಹೆದರಿ ಒತ್ತದೇ ಬಿಟ್ರ ಔಷಧ ಒಳಗ ಹೋಗಂಗಿಲ್ಲ. ಮೊದಲು ಮೆಲ್ಲಕ ಹಿಡಿ, ಆಮ್ಯಾಗ ಒತ್ತಕೋತ ಹೋಗು, ಬಿಡಬ್ಯಾಡ. ಮತ್ತ ಗಾಲಿ ಕೆಳಗ ಏನು ನೋಡ್ತೀ? ದೂರ ನೋಡು. ಕೂಸಿನ ತಾಯಿನೂ ಸೂಜಿ ನೋಡಕೋತ ನಿಂತ್ರ ಮೂರ್ಛಿ ಹೋಗತಾಳ."

ಮೋಟಾರ್‌ಸೈಕಲ್ಲನ್ನು ಒಂದು ದಿನವೂ ಓಡಿಸದವಳು ಹೇಳಿದಳು. ಹ್ಯಾಂಡಲ್ಲು ನೆಟ್ಟಗಿಟ್ಟು, ಮಂಡಿಯಿಂದ ಟ್ಯಾಂಕು ಅವಚಿ, ಕಣ್ಣು ದೂರದ ಗೇಟಿನ ಮೇಲಿಟ್ಟು, ಬೆರಳು ಮೆಲ್ಲಗೆ ತೊಡಗಿ ಗಟ್ಟಿಯಾಗುತ್ತ ಹೋಯಿತು, ಕಾಲು ಹಗುರಾಗಿ ತುಳಿಯಿತು. ಗಾಡಿಯ ಮೂಗು ತಗ್ಗಿತು. ನಿಂತಿತು. ಜಾರಿದ ಸದ್ದೇ ಇಲ್ಲ.

ಒಂಬತ್ತು ಚಪ್ಪಡಿ. ಅಕ್ಕ ಎರಡು ಸಲ ಎಣಿಸಿದಳು. ಆಮೇಲೆ ಒಂಬತ್ತನೆಯ ಕಲ್ಲಿನಿಂದ ಹದಿನಾರನೆಯದರ ತನಕ ಊರುಗೋಲು ಊರುತ್ತ ನಡೆದು ಹೋಗಿ ನಿಂತಳು. ನಡುವೆ ಏಳು ಕಲ್ಲು.

"ಅವತ್ತು ಗಾಡಿ ನಿಲ್ಲಾಕ ಎಷ್ಟು ಕಡಿಮಿ ಬಿದ್ದಿತ್ತು ತಮ್ಮಾ?"

"ನೆನಪಿಲ್ಲ ಅಕ್ಕ."

"ನನ್ನ ಕಾಲಿಗೆ ಎರಡು ಕಲ್ಲು ಸಾಕಾಗಿತ್ತು."

ಅವಳ ದನಿಯಲ್ಲಿ ಅಳುವಿರಲಿಲ್ಲ. ಭಾವ ಕಟ್ಟಿದ ಕೈ ಬಿಚ್ಚಿದರು.

ಮರುದಿನ ಅವಳು ಚೂಡಿದಾರ ಹಾಕಿಕೊಂಡು ಬಂದು ಗಾಡಿಯ ಹಿಂದೆ ಎರಡೂ ಕಡೆ ಕಾಲು ಹಾಕಿ ಕೂತಳು. ಮೂವತ್ತೆಂಟು ವಯಸ್ಸಿನಲ್ಲಿ ಮೊದಲ ಸಲ.

"ಮಂದಿ ಏನಂತಾರ?" ಅಂದರು ಭಾವ.

"ಮಂದಿ ಕಾಲ ಕೊಡತಾರೇನು?"

ನನ್ನ ಸೊಂಟ ಹಿಡಿದಳು. ತನಗೆ ತೋಚಿದಾಗ "ಈಗ!" ಅನ್ನುತ್ತೇನೆ, ಅಲ್ಲೇ ನಿಲ್ಲಿಸಬೇಕು, ಮೊದಲೇ ಹೇಳುವುದಿಲ್ಲ ಅಂದಳು. ಮೊದಲ "ಈಗ!"ಗೆ ತಡವಾಯಿತು. ಎರಡನೆಯದಕ್ಕೆ ಅವಳ ಗದ್ದ ನನ್ನ ಬೆನ್ನಿಗೆ ಬಡಿಯಿತು. ಮೂರು ದಿನ ಬೆಳಿಗ್ಗೆ ಸಂಜೆ ಅದನ್ನೇ ಮಾಡಿದೆವು, ಕಲ್ಲು ಕೊಯ್ಯುವವರೆಲ್ಲ ಕೆಲಸ ಬಿಟ್ಟು ನಿಂತು ನೋಡಿ ನಗುವಂತೆ. ಕೊನೆಗೆ ನಿಂತಾಗ ಅವಳ ಗದ್ದ ಬಡಿಯುತ್ತಿರಲಿಲ್ಲ. ನನ್ನ ಕೈ ಹೋಗುವುದು ಅವಳಿಗೆ ನನಗಿಂತ ಮೊದಲೇ ತಿಳಿಯುತ್ತಿತ್ತು.

ಇಳಿದು, ಭಾವನಿಗೆ ಕೇಳುವಂತೆ, "ಸೋಮವಾರ ಡ್ಯೂಟಿ," ಅಂದಳು.

ಆ ರಾಜೀನಾಮೆಯ ಕಾಗದ ಏನಾಯಿತೋ ಗೊತ್ತಿಲ್ಲ. ಇಲ್ಲಿ ಅವಳು ಅದನ್ನು ಹರಿದು ಹಾಕುವ ದೃಶ್ಯ ಇದ್ದರೆ ಚೆನ್ನಾಗಿರುತ್ತಿತ್ತು. ನಾನು ನೋಡಿಲ್ಲ. ಒಲೆಗೆ ಹೋಗಿರಬೇಕು, ಅಥವಾ ಇವತ್ತಿಗೂ ಯಾವುದೋ ಟ್ರಂಕಿನ ತಳದಲ್ಲಿರಬೇಕು.

ಸೋಮವಾರ ಹೋದೆವು. ಬಸ್ಸುಗಳು ಮತ್ತೆ ಬಿಟ್ಟಿದ್ದರೂ ಅವಳು ಗಾಡಿಯೇ ಬೇಕು ಅಂದಳು. ತಿರುವಿನ ಬೇವಿನ ಮರಗಳ ಹತ್ತಿರ ಡಾಂಬರಿನ ಮೇಲೆ ಒಲೆಯ ಕಪ್ಪು ಕಲೆ ಇತ್ತು. ಅಂದರೆ ಆಮೇಲೆ ಹೊತ್ತಿಸಿದ್ದರು, ಉಂಡಿದ್ದರು. ಅಲ್ಲಿ ಅವಳು "ಈಗ!" ಅಂದಳು. ಕಲೆಗೆ ಬಹಳ ಮುಂಚೆಯೇ ನಿಂತೆವು. ಎಷ್ಟು ಮುಂಚೆ ಎಂದು ಇಳಿದು ಅಳೆಯಲಿಲ್ಲ. "ನಡಿ, ಮಂದಿ ಕಾಯಾಕತ್ತಿರತಾರ," ಅಂದಳು.

ಉಪಕೇಂದ್ರದ ಮುಂದೆ ಒಂದು ಹೊಸ ಗಾಡಿ ನಿಂತಿತ್ತು. ಹಾರ ಇನ್ನೂ ಬಾಡಿರಲಿಲ್ಲ. ತಿಂಗಳು ತುಂಬುತ್ತ ಬಂದ ಹೆಂಡತಿಯನ್ನು ಕೂರಿಸಿಕೊಂಡು ಬಂದಿದ್ದ ಯುವಕ ಎದ್ದು ನಿಂತು, "ಶರಣ್ರೀ ನರ್ಸಮ್ಮ, ಕಾಲ ಹೆಂಗದರಿ?" ಅಂದ. ಅಕ್ಕ ಕುಂಟುತ್ತ ನೇರ ಅವನ ಗಾಡಿಯ ಹತ್ತಿರ ಹೋಗಿ ಬಲಗೈ ಬ್ರೇಕು ಒತ್ತಿದಳು. ಅದು ಹಿಡಿಗೆ ಬಂದು ತಾಗಿತು.

ಅವನು ಹಲ್ಲು ಬಿಟ್ಟ. "ಸಡಲ ಮಾಡ್ಸೀನ್ರಿ. ಹೆದ್ರಿಕಿ ಇಲ್ಲ."

"ಇದರ ಮ್ಯಾಗ ಈ ಹೊಟ್ಟಿ ಹೇರಕೊಂಡು ಬಂದೀಯಲ್ಲೋ! ನಾ ಒಳಗ ಇಕೀನ ನೋಡೋದು ಆಮ್ಯಾಗ. ತಮ್ಮಾ, ಆ 'ಸ್ಪಾನಾ' ತಗಿ."

ಅವನು ಬೇಡ ಬೇಡ ಅನ್ನುತ್ತಿದ್ದ, ನಮ್ಮ ಮಾವ ಬೈತಾರ್ರಿ ಅನ್ನುತ್ತಿದ್ದ. ನಾನು ಸ್ಪ್ಯಾನರು ತೆಗೆದು ಅವನ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಈ ಸಲ ಉಲ್ಟಾ ತಿರುಗಿಸಲಿಲ್ಲ. ನಟ್ಟು ಪೂರ್ತಿ ಬಿಗಿದು, ಅರ್ಧ ಸುತ್ತು ಸಡಿಲಿಸಿ, ಮತ್ತೆ ಕಾಲು ಸುತ್ತು ಬಿಗಿದೆ, ಉಸ್ತಾದ ಮಾಡಿದಂತೆ. ಗಬಕ್ಕನೆ ಹಿಡಿಯಬಾರದು ಎಂದು ಅವನಿಗೆ ಹೇಳಿದೆ, ಉಸುಕಿನ ಮೇಲೆ, ತಿರುವಿನಲ್ಲಿ ಹುಷಾರು ಎಂದೂ ಹೇಳಿದೆ. ಊರ ಹೊರಗೆ ಬಯಲಲ್ಲಿ ನಾಳೆ ಬೆಳಿಗ್ಗೆ ಬಾ, ತೋರಿಸುತ್ತೇನೆ ಅಂದೆ. ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ಹೆಂಡತಿಯನ್ನು ನೋಡುತ್ತಿದ್ದ.

ಆಕೆ ಕಟ್ಟೆಯಿಂದ ಎದ್ದು ಬಂದು, ಒಂದು ಕೈ ಸೊಂಟದ ಮೇಲಿಟ್ಟು, ಇನ್ನೊಂದರಿಂದ ಬ್ರೇಕು ಒತ್ತಿದಳು. ಅದು ಅರ್ಧಕ್ಕೆ ಬಂದು ಗಟ್ಟಿಯಾಗಿ ನಿಂತಿತು. ನೂಕು ಎಂದು ಗಂಡನಿಗೆ ಸನ್ನೆ ಮಾಡಿದಳು. ಅವನು ನೂಕಿದ. ಗಾಡಿ ಕದಲಲಿಲ್ಲ.

"ನನಗ ಹೇಳಿದ್ದಿಲ್ಲ," ಅಂದಳು ಅವನಿಗೆ.

ಇದು ಅಕ್ಕನ ಮಾತು. ಆಕೆಯ ಬಾಯಿಗೆ ನಾನೇ ಹಾಕಿರಬಹುದು. ಆದರೆ ಬ್ರೇಕಿನ ಮೇಲಿನ ಕೈಯನ್ನು ಅವಳು ತೆಗೆಯಲಿಲ್ಲ, ಅದು ಖಂಡಿತ. ಅಕ್ಕ ಒಳಗಿನಿಂದ ಎರಡು ಸಲ ಕರೆದ ಮೇಲೂ ಹಿಡಿದೇ ನಿಂತಿದ್ದಳು, ಗಂಡನ ಮುಖ ನೋಡುತ್ತ.